ಆಸ: ವೈದ್ಯನೋ, ಗಿಡವೋ?

ಪ್ರಯೋಗಶಾಲೆಯ ಕಿಟಕಿಯಿಂದ

ಯೆಹೂದ್ಯರ ಧರ್ಮಗ್ರಂಥದಿಂದ ಬಂದ ಗಂಡು ಹೆಸರುಗಳು ಅಮೆರಿಕದಲ್ಲಿ ನೆಲೆಸಿರುವ ನಮಗೆ ಹೊಸವೇನಲ್ಲ. ಡೇವಿಡ್, ಡ್ಯಾನಿಯಲ್, ಜೋಸೆಫ್, ಮೈಕಲ್ ಇವರಿಲ್ಲದ ಶಾಲೆಯ ತರಗತಿ ಉಂಟೆ? ನೋಹ ಎಂಬ ಹೆಸರಂತೂ 2013ರಿಂದ 2016ರವರೆಗೆ ನಾಲ್ಕು ವರ್ಷ ಸತತವಾಗಿ ಈ ದೇಶದಲ್ಲಿ ಹುಟ್ಟಿದ ಗಂಡುಮಕ್ಕಳ ಹೆಸರುಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಆದರೆ ಅದೇ ಗ್ರಂಥದಲ್ಲಿ ಮೂಲೆ ಸೇರಿದ ಹೆಸರುಗಳೂ ಇವೆ. ಒಬ್ಬ ರಾಜನ ಹೆಸರಾಗಿದ್ದೂ ಹೆಚ್ಚು ಮಂದಿ ಇಟ್ಟುಕೊಳ್ಳದ ಅಂಥ ಒಂದು ಹೆಸರು ‘ಆಸ’. ಈ ಸಂಚಿಕೆಯ ಅಂಕಣ ಅದರ ಮೇಲೆ.

ರಸಾಯನ ವಿಜ್ಞಾನದ ಮಾತು ಬಿಟ್ಟು ಈತ ಹೆಸರುಗಳ ಬೆನ್ನು ಹತ್ತಿದ್ದೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರ ಮಗಳು ಯೆಹೂದಿ ಮನೆತನದ ಹುಡುಗನನ್ನು ಮದುವೆಯಾಗಿದ್ದಾಳೆ. ಅವರಿಗೆ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿತು. ಆರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿದ್ದು ಈಗ ಮನೆಗೆ ಬಂದಿದೆ. ಯೆಹೂದ್ಯರಲ್ಲಿ ಗಂಡು ಮಗುವಿಗೆ ಎಂಟನೆಯ ದಿನ ಸುನ್ನತಿಯ ಜೊತೆಗೆ ಹೆಸರಿಡುವ ಪದ್ಧತಿ. ಮಗು ದುರ್ಬಲವಾಗಿದ್ದರೆ ಅದು ಚೇತರಿಸಿಕೊಳ್ಳುವವರೆಗೆ ಮುಂದೂಡಬೇಕೆಂಬುದೂ ಅವರ ಶಾಸ್ತ್ರದಲ್ಲೇ ಇರುವ ವಿಧಿ. ಹಾಗಾಗಿ ಹೆಸರಿಡುವುದು ಬಾಕಿ ಇದೆ. ಹೆಸರುಗಳ ಪುಸ್ತಕವೊಂದರಲ್ಲಿ ‘ಆಸ’ ಎಂದರೆ ‘ವೈದ್ಯ’ ಎಂದಿರುವುದನ್ನು ನೋಡಿ, ಮಗುವನ್ನು ಉಳಿಸಿಕೊಟ್ಟ ವೈದ್ಯರ ನೆನಪಿಗೆ ಅದನ್ನೇ ಇಡೋಣವೆಂದು ತಂದೆತಾಯಿ ನಿಶ್ಚಯಿಸಿದರು. ಅಷ್ಟರಲ್ಲಿ ಹುಡುಗನ ಕಡೆಯ ಹಿರಿಯರೊಬ್ಬರು ಗ್ರಂಥ ತೆಗೆದು ಓದಿ, “ಈ ರಾಜ ಕಾಯಿಲೆ ಬಿದ್ದಾಗ ದೇವರನ್ನು ಮರೆತು ವೈದ್ಯರನ್ನು ನಂಬಿ ಸತ್ತವನು. ಆ ಹೆಸರು ಈ ಮಗುವಿಗೆ ಬೇಡ” ಎಂದುಬಿಟ್ಟರಂತೆ. ಮನೆಯಲ್ಲಿ ಎಲ್ಲರ ಮುಖವೂ ಸಪ್ಪಗಾಯಿತು.

“ನೀವು ಡಾಕ್ಟರು, ಓದಿಕೊಂಡವರು. ಹೆಸರಿಗೆ ನಿಜವಾಗಿ ಏನರ್ಥ, ದೋಷವಿದೆಯೋ ಇಲ್ಲವೋ, ನೋಡಿ ಹೇಳಿ” ಎಂದು ಆ ಅಜ್ಜಿ ನನಗೆ ಫೋನು ಮಾಡಿದರು. ನನ್ನದು ಮಾತ್ರೆ ಕೊಡುವ ಡಾಕ್ಟರಿಕೆಯಲ್ಲ, ಮಾತ್ರೆಯೊಳಗಿನ ಪದಾರ್ಥದ ಡಾಕ್ಟರಿಕೆ ಎಂದರೂ ಅವರು ಕೇಳಲಿಲ್ಲ. ನಮ್ಮ ಹೆಸರು ಹಾಕದೆ ಬರೆಯಿರಿ, ಇನ್ನೂ ನಾಲ್ಕು ಮನೆಗೆ ಉಪಯೋಗವಾದೀತು ಎಂದು ಅಪ್ಪಣೆಯನ್ನೂ ಕೊಟ್ಟರು. ಆದ್ದರಿಂದ ಈ ಬರಹ.

ಮೊದಲು ಅಕ್ಷರಗಳನ್ನು ನೋಡೋಣ. ಹೀಬ್ರೂ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅದರಲ್ಲಿ ಈ ಹೆಸರಿಗೆ ಮೂರೇ ಅಕ್ಷರ: ಆಲೆಫ್, ಸಾಮೆಖ್, ಆಲೆಫ್. ನಮ್ಮ ‘ಕನಕ’ದ ಹಾಗೆ ಎರಡು ಕಡೆಯಿಂದ ಓದಿದರೂ ಒಂದೇ. ಹೀಬ್ರೂ ಬಲ್ಲವರು ಇದನ್ನು ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟು ‘ಆಸಾ’ ಎನ್ನುತ್ತಾರೆ. ಇಂಗ್ಲಿಷಿನವರ ಬಾಯಲ್ಲಿ ಅದು ‘ಏಸ’ ಆಗಿದೆ. ಕನ್ನಡ ಬೈಬಲಿನಲ್ಲಿ ಇವನು ‘ಆಸ’. ನಮ್ಮ ಅಜ್ಜಿಯರ ಬಾಯಲ್ಲಿ ಇದು ಮೂರು ದಿನದಲ್ಲಿ ‘ಆಸೆ’ ಆಗುವುದು ಖಂಡಿತ. ನಮ್ಮ ಆಸೆ ಸಂಸ್ಕೃತದ ‘ಆಶಾ’ದಿಂದ ಬಂದದ್ದು, ಹೀಬ್ರೂ ಹೆಸರಿಗೂ ಅದಕ್ಕೂ ನಂಟಿಲ್ಲ. ಆದರೂ ಮೊಮ್ಮಗನನ್ನು ಆಸೆ ಎಂದು ಕರೆದರೆ ಯಾರಿಗೆ ನಷ್ಟ?

ಇನ್ನು ಅರ್ಥ. ‘ವೈದ್ಯ’ ಎಂಬ ಅರ್ಥ ಎಲ್ಲಿಂದ ಬಂತು? ಹೀಬ್ರೂವಿನ ಒಡಹುಟ್ಟಿದ ಭಾಷೆಯಾದ ಅರಾಮಿಕ್‌ನಲ್ಲಿ ‘ಆಸ್ಯಾ’ ಎಂದರೆ ವೈದ್ಯ. ಗುಣಪಡಿಸುವುದಕ್ಕೆ ಇರುವ ಕ್ರಿಯಾಪದವೂ ಅದೇ ಬೇರಿನದು. ಇನ್ನೂ ಹಿಂದಕ್ಕೆ ಹೋದರೆ ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳ ಅಕ್ಕಾಡಿಯನ್ ಭಾಷೆಯಲ್ಲಿ ವೈದ್ಯನಿಗೆ ‘ಆಸೂ’ ಎಂಬ ಮಾತಿದೆ. ಅದು ಅದಕ್ಕೂ ಹಳೆಯ ಸುಮೇರಿಯನ್ ಭಾಷೆಯ ‘ಅಜು’ ಎಂಬ ಪದದಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಮನುಷ್ಯ ಮೊತ್ತಮೊದಲು ಬರೆಯಲು ಕಲಿತ ನಾಡಿನಲ್ಲಿ ವೈದ್ಯನಿಗೆ ಇದ್ದ ಹೆಸರು ಬಾಯಿಂದ ಬಾಯಿಗೆ ಹರಿದು ಅರಾಮಿಕ್‌ಗೆ ಬಂದಿದೆ. 1869ರಲ್ಲಿ ಅಮೆರಿಕದ ರಾಸ್ವೆಲ್ ಹಿಚ್‌ಕಾಕ್ ಎಂಬ ಪಾದ್ರಿ ಪ್ರಕಟಿಸಿದ ಬೈಬಲ್ ಹೆಸರುಗಳ ಅರ್ಥಕೋಶದಲ್ಲಿ ‘ಆಸ’ಕ್ಕೆ ‘ವೈದ್ಯ, ಗುಣ’ ಎಂದು ಕೊಟ್ಟಿದೆ. ಈಗಿನ ಹೆಸರಿನ ಪುಸ್ತಕಗಳು ಹೇಳುವುದೂ ಇದನ್ನೇ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಖವಾಗಿತ್ತು. ಆದರೆ ಹೀಬ್ರೂ ಬೈಬಲಿನಲ್ಲಿ ಗುಣಪಡಿಸುವುದಕ್ಕೆ ಬಳಸುವ ಸಾಮಾನ್ಯ ಪದ ಇದಲ್ಲ, ‘ರಾಫಾ’. ರಾಫೇಲ್ ಎಂಬ ಹೆಸರಿನಲ್ಲಿರುವುದು ಅದು: ದೇವರು ಗುಣಪಡಿಸಿದ್ದಾನೆ ಎಂದು ಅರ್ಥ. ಇವತ್ತಿಗೂ ಇಸ್ರೇಲಿನಲ್ಲಿ ವೈದ್ಯ ಎಂದರೆ ‘ರೋಫೆ’. ಹಾಗಿರುವಾಗ ಯೆರೂಸಲೇಮಿನ ರಾಜನಿಗೆ ನೆರೆಯ ಭಾಷೆಯ ಮಾತನ್ನು ಏಕೆ ಇಟ್ಟರು ಎಂಬ ಪ್ರಶ್ನೆ ಏಳುತ್ತದೆ. ‘ದೇವರು ಗುಣಪಡಿಸಿದ’ ಎಂಬಂಥ ಉದ್ದ ಹೆಸರೊಂದನ್ನು ಮೊಟಕು ಮಾಡಿದ್ದೆಂದು ಕೆಲವರ ಊಹೆ. ನಾವು ವೆಂಕಟರಮಣನನ್ನು ವೆಂಕ ಮಾಡಿಕೊಂಡ ಹಾಗೆ.

ಇನ್ನೊಂದು ಪಕ್ಷವೂ ಉಂಟು. ಅರಾಮಿಕ್‌ನಲ್ಲಿ ಇದೇ ಮೂರು ಅಕ್ಷರ ಬರೆದು ‘ಆಸಾ’ ಎಂದು ಓದಿದರೆ ಅದು ಒಂದು ಗಿಡದ ಹೆಸರು. ಇಂಗ್ಲಿಷಿನಲ್ಲಿ ಮರ್ಟಲ್, ಸಸ್ಯಶಾಸ್ತ್ರದಲ್ಲಿ ಮಿರ್ಟಸ್ ಕಮ್ಯೂನಿಸ್, ಅರಬ್ಬಿಯಲ್ಲಿ ‘ಆಸ್’. ಹೀಬ್ರೂವಿನಲ್ಲಿ ಮಾತ್ರ ಅದಕ್ಕೆ ‘ಹದಾಸ್’ ಎಂದು ಬೇರೆ ಹೆಸರು. ಎಸ್ತೇರ್ ರಾಣಿಯ ಇನ್ನೊಂದು ಹೆಸರು ‘ಹದಸ್ಸಾ’ ಎಂಬುದು ಇದರಿಂದಲೇ. ಸುಕ್ಕೋತ್ ಹಬ್ಬದಲ್ಲಿ ಯೆಹೂದ್ಯರು ಕೈಯಲ್ಲಿ ಹಿಡಿಯುವ ನಾಲ್ಕು ಸಸ್ಯಗಳಲ್ಲಿ ಖರ್ಜೂರದ ಗರಿ, ನೀರಂಜಿಯ ಕೊಂಬೆ, ಮಾದಳದಂಥ ಎತ್ರೋಗ್ ಹಣ್ಣು ಇವುಗಳ ಜೊತೆಗೆ ಇದೂ ಒಂದು.

ಮರ್ಟಲ್ ನಮಗೂ ತೀರ ಪರಕೀಯವಲ್ಲ. ಅದರ ಹೆಸರಿನಿಂದಲೇ ಒಂದು ಸಸ್ಯಕುಟುಂಬವಿದೆ. ಸೀಬೆ, ನೇರಳೆ, ಪನ್ನೇರಳೆ, ಲವಂಗ, ನೀಲಗಿರಿ ಎಲ್ಲವೂ ಆ ಕುಟುಂಬದವೇ. ಈ ಬಳಗದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳು ಹೊಳೆಯುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಮರ್ಟಲ್ ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ದೊರೆಯುವ ಎಣ್ಣೆಯಲ್ಲಿ ಆಲ್ಫಾ ಪೈನೀನ್ ಮತ್ತು ಸಿನಿಯೋಲ್ ಹೇರಳ. ಸಿನಿಯೋಲ್ ಎಂದರೆ ನೆಗಡಿಯಾದಾಗ ನಮ್ಮಮ್ಮಂದಿರು ಬಿಸಿನೀರಿಗೆ ಹಾಕಿ ಮುಸುಕೆಳೆದು ಮೂಸಿಸುತ್ತಿದ್ದ ನೀಲಗಿರಿ ಎಣ್ಣೆಯ ಮುಖ್ಯ ಪದಾರ್ಥ. ಮಿರ್ಟೆನಾಲ್ ಎಂಬ ಇನ್ನೊಂದು ಸಂಯುಕ್ತಕ್ಕೆ ಹೆಸರು ಸಿಕ್ಕಿದ್ದೇ ಈ ಗಿಡದಿಂದ. ಅಂದಮೇಲೆ ಗಿಡವೆಂಬ ಅರ್ಥ ಹಿಡಿದರೂ ಔಷಧಿಯ ವಾಸನೆ ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪ್ರಯೋಗಶಾಲೆಯಲ್ಲಿ ಎರಡು ಬಿಳಿಯ ಪುಡಿಗಳು ಒಂದೇ ಉಷ್ಣತೆಯಲ್ಲಿ ಕರಗಿದವೆಂದು ಎರಡೂ ಒಂದೇ ಪದಾರ್ಥವೆಂದು ಹೇಳಲು ಬರುವುದಿಲ್ಲ. ಎರಡನ್ನೂ ಬೆರೆಸಿ ಮತ್ತೆ ಕಾಯಿಸಿ ನೋಡುತ್ತೇವೆ. ಬೇರೆ ಬೇರೆ ಪದಾರ್ಥಗಳಾದರೆ ಬೆರಕೆ ಸಾಮಾನ್ಯವಾಗಿ ಮೊದಲೇ ಕರಗಿ ಗುಟ್ಟು ಬಿಟ್ಟುಕೊಡುತ್ತದೆ. ಮಾತುಗಳ ವಿಷಯದಲ್ಲೂ ಸದ್ದು ಒಂದಾದ ಮಾತ್ರಕ್ಕೆ ನಂಟು ಕಟ್ಟಬಾರದು. ನಮ್ಮ ಅಡಿಗೆಮನೆಯ ಇಂಗಿಗೆ ಇಂಗ್ಲಿಷಿನಲ್ಲಿ ಆಸಫೆಟಿಡಾ ಎನ್ನುತ್ತಾರಷ್ಟೆ. ಅದರಲ್ಲಿರುವ ‘ಆಸ’ ಗೋಂದು ಎಂಬರ್ಥದ ಪಾರಸಿ ಮಾತಿನಿಂದ ಬಂದದ್ದು. ಉಳಿದರ್ಧ ‘ನಾರುವ’ ಎಂಬ ಲ್ಯಾಟಿನ್. ಗಂಧಕ ಸೇರಿದ ಸಂಯುಕ್ತಗಳು ಇಂಗಿನಲ್ಲಿರುವುದರಿಂದ ಲ್ಯಾಟಿನಿನವರ ದೂರು ಸುಳ್ಳಲ್ಲ. ಆದರೆ ಅದಕ್ಕೂ ರಾಜನ ಹೆಸರಿಗೂ ಸಂಬಂಧವಿಲ್ಲ. ಹಾಗೆಯೇ ಜಪಾನಿ ಭಾಷೆಯಲ್ಲಿ ‘ಅಸ’ ಎಂದರೆ ಬೆಳಗು. ನೈಜೀರಿಯದ ಯೊರೂಬಾ ಭಾಷೆಯಲ್ಲಿ ‘ಆಶ’ ಎಂದರೆ ಗಿಡುಗ. ಸ್ವೀಡನ್ನಿನಲ್ಲಿ ‘ಓಸ’ ಎಂಬ ಹೆಂಗಸರ ಹೆಸರನ್ನು ಇಂಗ್ಲಿಷಿನವರು ಮೇಲಿನ ಸೊನ್ನೆ ಬಿಟ್ಟು ಬರೆದರೆ ನೋಡಲು ಇದೇ. ಒಂದೂ ಒಂದಕ್ಕೊಂದು ದಾಯಾದಿಯಲ್ಲ.

ಹಾಗಾಗಿ ಅಜ್ಜಿಯ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ‘ವೈದ್ಯ’ ಅಥವಾ ‘ಗುಣಪಡಿಸುವವ’ ಎಂಬುದು ಹೆಚ್ಚು ಮಂದಿ ಒಪ್ಪಿದ ಅರ್ಥ, ಆದರೆ ಮೊಹರು ಬಿದ್ದ ಅರ್ಥವಲ್ಲ. ‘ಮರ್ಟಲ್ ಗಿಡ’ ಎಂಬುದು ಅದರ ಪಕ್ಕದಲ್ಲಿ ನಿಲ್ಲುವ ಅರ್ಥ. ಎರಡರಲ್ಲೂ ಅಶುಭವೇನಿಲ್ಲ.

ಇನ್ನು ಎರಡನೆಯ ಪ್ರಶ್ನೆ, ರಾಜನ ಕಥೆ. ದಾವೀದನ ಮಗ ಸೊಲೊಮೋನ. ಅವನ ಮಗ ರೆಹಬ್ಬಾಮನ ಕಾಲಕ್ಕೆ ರಾಜ್ಯ ಎರಡು ಹೋಳಾಯಿತು. ಉತ್ತರದ್ದು ಇಸ್ರೇಲ್, ದಕ್ಷಿಣದ್ದು ಯೆಹೂದ. ರೆಹಬ್ಬಾಮನ ಮಗ ಅಬೀಯ, ಅವನ ನಂತರ ಯೆಹೂದದ ಪಟ್ಟಕ್ಕೆ ಬಂದವನು ಆಸ. ಕಾಲ ಸುಮಾರು ಕ್ರಿ.ಪೂ. 910ರಿಂದ 870. ನಲವತ್ತೊಂದು ವರ್ಷ ಆಳಿದನೆಂದು ಗ್ರಂಥ ಹೇಳುತ್ತದೆ. ವಿಗ್ರಹಗಳನ್ನು ತೆಗೆಸಿದ. ಅಶೇರ ದೇವಿಗೆ ಮೂರ್ತಿ ಮಾಡಿಸಿದ್ದಕ್ಕಾಗಿ ರಾಜಮಾತೆ ಮಾಕಳನ್ನೇ ಪದವಿಯಿಂದ ಇಳಿಸಿ ಆ ಮೂರ್ತಿಯನ್ನು ಕಿದ್ರೋನ್ ಹಳ್ಳದಲ್ಲಿ ಸುಡಿಸಿದ. ಉತ್ತರದ ರಾಜ ಬಾಷ ಗಡಿಯ ರಾಮಾ ಊರಿಗೆ ಕೋಟೆ ಕಟ್ಟಿ ದಾರಿ ಮುಚ್ಚಲು ಹೊರಟಾಗ, ಆಸ ದೇವಾಲಯದ ಬೆಳ್ಳಿಬಂಗಾರವನ್ನು ದಮಸ್ಕದ ಅರಸ ಬೆನ್ಹದದನಿಗೆ ಕಳಿಸಿ ಬಾಷನ ಮೇಲೆ ಎತ್ತಿಕಟ್ಟಿದ. ಬಾಷ ಹಿಂದೆಗೆದ ಮೇಲೆ ಅವನು ಬಿಟ್ಟುಹೋದ ಕಲ್ಲುಮರಗಳನ್ನೇ ಹೊತ್ತು ತರಿಸಿ ತನ್ನ ಎರಡು ಊರುಗಳಿಗೆ ಕೋಟೆ ಕಟ್ಟಿಸಿಕೊಂಡ. ಜಾಣ ರಾಜ.

ಈ ಕಥೆ ಎರಡು ಕಡೆ ಬರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ‘ಅರಸುಗಳು’ ಎಂಬ ಗ್ರಂಥ, ಅದು ಕ್ರಿ.ಪೂ. ಆರನೆಯ ಶತಮಾನದ ಹೊತ್ತಿಗೆ ಈಗಿನ ರೂಪಕ್ಕೆ ಬಂದದ್ದೆಂದು ಹೇಳುತ್ತಾರೆ. ಎರಡನೆಯದು ‘ಪೂರ್ವಕಾಲವೃತ್ತಾಂತ’, ಅದು ಇನ್ನೂ ಒಂದೆರಡು ಶತಮಾನ ತಡವಾದದ್ದು. ಮೊದಲನೆಯ ಗ್ರಂಥದಲ್ಲಿ ಆಸನ ಕೊನೆಗಾಲದ ಬಗ್ಗೆ ಇರುವುದು ಒಂದೇ ಸಂಗತಿ: ಮುದಿತನದಲ್ಲಿ ಕಾಲಿನ ರೋಗ ಬಂತು ಎಂಬುದು. ಬೈಗುಳವಿಲ್ಲ. ಬದಲಾಗಿ ಅವನ ಹೃದಯ ಜೀವಮಾನವೆಲ್ಲ ದೇವರ ಕಡೆಗಿತ್ತು ಎಂಬ ಹೊಗಳಿಕೆಯಿದೆ. ಎರಡನೆಯ ಗ್ರಂಥದಲ್ಲಿ ಅದೇ ಕಾಲುನೋವಿಗೆ ಹೊಸ ಮಾತು ಸೇರಿಕೊಂಡಿದೆ. ಮೂವತ್ತೊಂಬತ್ತನೆಯ ವರ್ಷದಲ್ಲಿ ರೋಗ ಉಲ್ಬಣಿಸಿತು, ಆದರೂ ಅವನು ದೇವರನ್ನು ಕೇಳದೆ ವೈದ್ಯರನ್ನು ಕೇಳಿದ, ಎರಡು ವರ್ಷದಲ್ಲಿ ಸತ್ತ ಎಂದು. ಹುಡುಗನ ಕಡೆಯ ಹಿರಿಯರು ಓದಿದ್ದು ಇದನ್ನು.

ಈ ಎರಡನೆಯ ಗ್ರಂಥಕಾರನ ಸಿಟ್ಟಿಗೆ ಹಿನ್ನೆಲೆಯಿದೆ. ದಮಸ್ಕದ ಅರಸನನ್ನು ನೆಚ್ಚಿಕೊಂಡೆಯಲ್ಲ ಎಂದು ಬುದ್ಧಿ ಹೇಳಲು ಬಂದ ಹನಾನಿ ಎಂಬ ದರ್ಶಿಯನ್ನು ಆಸ ಸೆರೆಗೆ ಹಾಕಿಸಿದ, ಪ್ರಜೆಗಳಲ್ಲಿ ಕೆಲವರನ್ನು ಪೀಡಿಸಿದ ಎಂದು ಆತ ಅದಕ್ಕೆ ಮುಂಚೆಯೇ ಬರೆದಿದ್ದಾನೆ. ಯೌವನದಲ್ಲಿ ದೇವರನ್ನು ನಂಬಿ ಗೆದ್ದವನು ವಯಸ್ಸಾದ ಮೇಲೆ ಮನುಷ್ಯರನ್ನು ಮಾತ್ರ ನಂಬಿದ ಎಂಬುದು ಅವನ ದೂರು. ದೂರಿನ ಮೊನೆ ವೈದ್ಯರ ಮೇಲಲ್ಲ, ಸತ್ಯ ಹೇಳಿದವನನ್ನು ಸೆರೆಗೆ ತಳ್ಳುವ ಅಹಂಕಾರದ ಮೇಲೆ ಎಂಬುದು ನನಗೆ ಕಾಣುವ ಅರ್ಥ. ‘ವೈದ್ಯ’ ಎಂಬ ಹೆಸರಿನವನೇ ವೈದ್ಯರ ಬಾಗಿಲು ತಟ್ಟಿದ ಎಂಬ ಶ್ಲೇಷೆ ಇಲ್ಲಿರಬಹುದೆಂದೂ ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಹಾಗಿದ್ದರೆ ಹೆಸರಿನ ಅರ್ಥ ‘ವೈದ್ಯ’ ಎಂದು ಆ ಕಾಲದವರೂ ತಿಳಿದಿದ್ದರೆಂಬುದಕ್ಕೆ ಅದೂ ಒಂದು ಸಾಕ್ಷಿ.

ಅದೇ ಗ್ರಂಥದಲ್ಲಿ ಮುಂದಿನ ಮಾತು ನನ್ನ ವೃತ್ತಿಯವರಿಗೆ ರುಚಿಸುವಂಥದು. ಸತ್ತ ಆಸನನ್ನು ಗಂಧಕಾರರು ಕೈಚಳಕದಿಂದ ಬೆರೆಸಿದ ನಾನಾ ಪರಿಮಳದ್ರವ್ಯಗಳು ತುಂಬಿದ ಮಂಚದ ಮೇಲೆ ಮಲಗಿಸಿದರಂತೆ. ಅವನ ಗೌರವಾರ್ಥ ಬಹಳ ದೊಡ್ಡ ಬೆಂಕಿ ಹೊತ್ತಿಸಿದರಂತೆ. ಸುಗಂಧದ್ರವ್ಯಗಳನ್ನು ಉರಿಸಿದ ಬೆಂಕಿ ಎಂದು ಇದರ ವಿವರಣೆ, ದೇಹವನ್ನು ಸುಟ್ಟದ್ದಲ್ಲ. ಹೀಗೆ ಬೆರೆಸಿದ್ದನ್ನು ಹೇಳಲು ಅಲ್ಲಿ ಬಳಸಿರುವ ಹೀಬ್ರೂ ಮಾತು ‘ಮಿರ್ಕಾಖತ್’. ಇವತ್ತು ಇಸ್ರೇಲಿನಲ್ಲಿ ಔಷಧಿ ಅಂಗಡಿಗೆ ‘ಬೆತ್ ಮಿರ್ಕಾಖತ್’ ಎನ್ನುತ್ತಾರೆ, ಅಂದರೆ ಬೆರಕೆಯ ಮನೆ. ವೈದ್ಯರನ್ನು ನಂಬಿ ಕೆಟ್ಟನೆಂದು ಬೈಸಿಕೊಂಡ ರಾಜನ ಶವಮಂಚದ ಮಾತು ದಿನಬೆಳಗಾದರೆ ಔಷಧಿ ಅಂಗಡಿಯ ಬೋರ್ಡಿನ ಮೇಲಿದೆ!

ಯೆಹೂದಿ ಪರಂಪರೆ ವೈದ್ಯರ ವಿಷಯದಲ್ಲಿ ಆಸನ ಕಥೆಗೇ ನಿಂತುಕೊಳ್ಳಲಿಲ್ಲ. ಕ್ರಿ.ಪೂ. 180ರ ಸುಮಾರಿನಲ್ಲಿ ಯೆರೂಸಲೇಮಿನ ಬೆನ್ ಸಿರಾ ಎಂಬ ಜ್ಞಾನಿ ಬರೆದ ನೀತಿಗ್ರಂಥವೊಂದಿದೆ. ಯೆಹೂದ್ಯರ ಬೈಬಲಿನಲ್ಲಿ ಅದು ಸೇರಿಲ್ಲ. ಕ್ಯಾಥೊಲಿಕರ ಬೈಬಲಿನಲ್ಲಿ ಇದೆ. ಅದರ ಹೀಬ್ರೂ ಹಾಳೆಗಳು 1896ರಲ್ಲಿ ಕೈರೋ ನಗರದ ಹಳೆಯ ಸಿನಗಾಗ್ ಒಂದರ ಉಗ್ರಾಣದಿಂದ ಬಂದವೆಂದು ಪತ್ತೆಯಾಯಿತು. ವೈದ್ಯನನ್ನು ಗೌರವಿಸಬೇಕು, ಅವನನ್ನೂ ಸೃಷ್ಟಿಸಿದವನು ದೇವರೇ, ಔಷಧಿಯನ್ನು ನೆಲದಿಂದ ಬೆಳೆಸಿದವನೂ ಅವನೇ, ವಿವೇಕಿ ಅದನ್ನು ಧಿಕ್ಕರಿಸಬಾರದು, ಕಾಯಿಲೆ ಬಂದರೆ ಪ್ರಾರ್ಥನೆಯನ್ನೂ ಮಾಡು ವೈದ್ಯನಿಗೂ ಜಾಗ ಕೊಡು ಎಂಬುದು ಅಲ್ಲಿನ ಉಪದೇಶದ ತಿರುಳು. ಹನ್ನೆರಡನೆಯ ಶತಮಾನದ ಮೈಮೊನೈಡೀಸ್ (1138-1204) ಯೆಹೂದ್ಯರ ಧರ್ಮಶಾಸ್ತ್ರಕ್ಕೆ ದೊಡ್ಡ ಅಧಿಕಾರಿ, ಈಜಿಪ್ಟಿನ ಆಸ್ಥಾನದಲ್ಲಿ ವೈದ್ಯ ಕೂಡ. ಔಷಧಿ ತೆಗೆದುಕೊಂಡವನಿಗೆ ದೇವರಲ್ಲಿ ನಂಬಿಕೆಯಿಲ್ಲ ಎನ್ನುವವರಿಗೆ ಆತ ಕೊಟ್ಟ ಉತ್ತರ ನಮ್ಮ ಹಳ್ಳಿಯ ಹಿರಿಯರು ಕೊಡುವಂಥದೇ. ಹಸಿದವನು ರೊಟ್ಟಿ ತಿಂದರೆ ದೇವರನ್ನು ಮರೆತ ಎನ್ನುತ್ತೀರಾ? ರೊಟ್ಟಿ ಕೊಟ್ಟದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಹಾಗೆ ಮದ್ದು ಕೊಟ್ಟದ್ದಕ್ಕೂ ಹೇಳಬೇಕು, ಅಷ್ಟೆ.

ನಮ್ಮಲ್ಲಿ ದೇವರನ್ನೇ ವೈದ್ಯನನ್ನಾಗಿ ಮಾಡಿ ಈ ಜಗಳವನ್ನು ಬಗೆಹರಿಸಿಕೊಂಡಿದ್ದಾರೆ. ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬ ವೈದ್ಯನಾಥೇಶ್ವರ. ನಂಜನಗೂಡಿನ ಶ್ರೀಕಂಠೇಶ್ವರನನ್ನು ಟಿಪ್ಪು ಸುಲ್ತಾನ ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿ ಮೈಸೂರಿನ ಕಡೆಯವರಿಗೆಲ್ಲ ಗೊತ್ತು. ಮನೆತನದಲ್ಲಿ ವೈದ್ಯನಾಥ ಎಂದು ಹೆಸರಿಟ್ಟುಕೊಂಡವರು ಎಷ್ಟಿಲ್ಲ? ಅಜ್ಜಿಗೆ ಇದನ್ನು ಹೇಳಿದಾಗ ಅವರ ದನಿಯಲ್ಲಿ ಸ್ವಲ್ಪ ಗೆಲುವು ಬಂತು.

ಈ ಮಗುವಿನ ವಿಷಯದಲ್ಲಿ ವೈದ್ಯರು ಮಾಡಿದ್ದೇನು ಎಂಬುದನ್ನೂ ಒಂದು ಮಾತು ಹೇಳಬೇಕು. ದಿನ ತುಂಬದೆ ಹುಟ್ಟುವ ಶಿಶುಗಳಿಗೆ ದೊಡ್ಡ ಗಂಡಾಂತರ ಉಸಿರಾಟದ್ದು. ಶ್ವಾಸಕೋಶದ ಗಾಳಿಗೂಡುಗಳ ಒಳಮೈಗೆ ಸಾಬೂನಿನ ನೊರೆಯಂತೆ ವರ್ತಿಸುವ ಕೊಬ್ಬಿನ ಪದಾರ್ಥವೊಂದು ತೆಳುವಾಗಿ ಹರಡಿಕೊಂಡಿರಬೇಕು. ಅದಿಲ್ಲವಾದರೆ ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಮುದುಡಿಕೊಂಡು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಗರ್ಭದ ಕೊನೆಯ ವಾರಗಳಲ್ಲಿ ಮಾತ್ರ ಅದು ಸಾಕಷ್ಟು ತಯಾರಾಗುತ್ತದೆ. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ ಎರಡೇ ದಿನದಲ್ಲಿ ಈ ತೊಂದರೆಯಿಂದ ತೀರಿಕೊಂಡ. ದೇಶದ ಅಧ್ಯಕ್ಷನ ಮಗುವಿಗೂ ಅಂದು ಮದ್ದಿರಲಿಲ್ಲ. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ ಮತ್ತು ಸಂಗಡಿಗರು ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಈ ಪದಾರ್ಥವನ್ನು ಹತ್ತು ಶಿಶುಗಳ ಶ್ವಾಸನಾಳಕ್ಕೆ ಹಾಕಿ ಗುಣ ಕಂಡರು. 1990ರಲ್ಲಿ ಅಮೆರಿಕದ ಸರ್ಕಾರ ಅಂಥ ಔಷಧಿಗೆ ಮೊದಲ ಸಲ ಒಪ್ಪಿಗೆ ಕೊಟ್ಟಿತು. ನಮ್ಮ ಅಜ್ಜಿಯ ಮೊಮ್ಮಗ ಹುಟ್ಟಿದ ಗಳಿಗೆಯಲ್ಲೇ ಪಡೆದದ್ದೂ ಇದೇ ಬಗೆಯ ಮದ್ದು. ವೈದ್ಯ ಎಂಬ ಹೆಸರಿಗೆ ಈ ಮಗುವಿಗಿಂತ ಹಕ್ಕುದಾರರು ಯಾರು?

ಇನ್ನು ಹೆಸರಿನ ಪ್ರಚಾರ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಪ್ಯೂರಿಟನ್ನರು ಸಂತರ ಹೆಸರು ಬೇಡವೆಂದು ಹಳೆಯ ಒಡಂಬಡಿಕೆಯ ಹೆಸರುಗಳತ್ತ ತಿರುಗಿದರು. ಅವರೊಂದಿಗೆ ಕಡಲು ದಾಟಿ ನ್ಯೂ ಇಂಗ್ಲೆಂಡ್ ಸೇರಿದ ಹೆಸರುಗಳಲ್ಲಿ ಆಸನೂ ಇದ್ದ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ಹೆಸರಿನವರು ಅಪರೂಪವಾಗಿರಲಿಲ್ಲ. ಇವರಲ್ಲಿ ಮೂವರನ್ನು ನೆನೆಯುತ್ತೇನೆ.

ಮೊದಲನೆಯವನು ಏಸ ಗ್ರೇ (1810-1888). ಈತ 1831ರಲ್ಲಿ ವೈದ್ಯ ಪದವಿ ಪಡೆದು, ಅದನ್ನು ಬಿಟ್ಟು ಗಿಡಗಳ ಹಿಂದೆ ಹೊರಟವನು. ವೈದ್ಯ, ಗಿಡ ಎಂಬ ಎರಡರ್ಥವೂ ಒಬ್ಬನಲ್ಲೇ ಕೂಡಿಬಂದ ಹಾಗಾಯಿತು! 1842ರಿಂದ ಹಾರ್ವರ್ಡಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಡಾರ್ವಿನ್ ತನ್ನ ವಿಕಾಸವಾದದ ಸಾರವನ್ನು 1857ರ ಸೆಪ್ಟೆಂಬರಿನಲ್ಲಿ ಈತನಿಗೆ ಕಾಗದ ಬರೆದು ತಿಳಿಸಿದ್ದ. ಮರುವರ್ಷ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಆ ವಾದ ಮೊದಲು ಮಂಡನೆಯಾದಾಗ ಓದಿದ ಕಾಗದಗಳಲ್ಲಿ ಅದರ ಭಾಗವೂ ಇತ್ತು. ಗ್ರೇ ಶ್ರದ್ಧಾವಂತ ಕ್ರೈಸ್ತ. ದೇವರನ್ನು ಬಿಡದೆ ವಿಕಾಸವಾದವನ್ನು ಒಪ್ಪಬಹುದೆಂದು ಅಮೆರಿಕದಲ್ಲಿ ವಾದಿಸಿದವರಲ್ಲಿ ಮುಂದಾಳು. ದೇವರೋ ವೈದ್ಯರೋ ಎಂದು ಕೇಳುವವರಿಗೆ ಈ ಆಸನ ಬದುಕನ್ನೂ ತೋರಿಸಬಹುದು.

ಎರಡನೆಯವನು ಏಸ ಕ್ಯಾಂಡ್ಲರ್ (1851-1929), ಅಟ್ಲಾಂಟ ನಗರದ ಔಷಧಿ ವ್ಯಾಪಾರಿ. 1886ರಲ್ಲಿ ಪೆಂಬರ್ಟನ್ ಎಂಬಾತ ತಯಾರಿಸಿದ, ತಲೆನೋವಿಗೂ ಒಳ್ಳೆಯದೆಂದು ಮಾರಾಟವಾಗುತ್ತಿದ್ದ ಪಾನಕವೊಂದರ ಹಕ್ಕನ್ನು ಕೊಂಡು 1892ರಲ್ಲಿ ಕಂಪನಿ ಕಟ್ಟಿದ. ಅದೇ ಕೋಕಕೋಲ. ಅದರಿಂದ ಯಾರ ರೋಗ ವಾಸಿಯಾಯಿತೋ ಕಾಣೆ. ಆದರೆ 1914ರಲ್ಲಿ ಆತ ಕೊಟ್ಟ ಹತ್ತು ಲಕ್ಷ ಡಾಲರಿನಿಂದ ಅಟ್ಲಾಂಟದಲ್ಲಿ ಎಮೊರಿ ವಿಶ್ವವಿದ್ಯಾನಿಲಯ ಬೇರೂರಿತು.

ಮೂರನೆಯವನ ಹೆಸರನ್ನು ಜನ ಅರ್ಧ ಮರೆತಿದ್ದಾರೆ, ಏಕೆಂದರೆ ಆತ ಅದನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದ. ಎ. ಫಿಲಿಪ್ ರ‍್ಯಾಂಡಾಲ್ಫ್ (1889-1979), ಫ್ಲಾರಿಡದ ಕರಿಯ ಪಾದ್ರಿಯೊಬ್ಬರ ಮಗ. ಆ ‘ಎ’ ಎಂದರೆ ಏಸ. ರೈಲಿನ ಮಲಗುವ ಡಬ್ಬಿಗಳಲ್ಲಿ ದುಡಿಯುತ್ತಿದ್ದ ಕರಿಯ ಪೋರ್ಟರುಗಳನ್ನು ಸೇರಿಸಿ 1925ರಲ್ಲಿ ಸಂಘ ಕಟ್ಟಿದವನು. ಆ ಪೋರ್ಟರುಗಳಲ್ಲಿ ಯಾರ ಹೆಸರೇನೇ ಇರಲಿ, ಪ್ರಯಾಣಿಕರು ಎಲ್ಲರನ್ನೂ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಕಂಪನಿಯ ಧಣಿ ಜಾರ್ಜ್ ಪುಲ್ಮನ್ ಆಗಿದ್ದರಿಂದ ಅವನ ಆಳುಗಳೆಲ್ಲ ಜಾರ್ಜ್! ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಆ ಸಂಘ ಕಂಪನಿಯಿಂದ ಒಪ್ಪಂದ ಬರೆಸಿಕೊಂಡಿತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಪ್ರಸಿದ್ಧ ಭಾಷಣ ನಡೆದ ಮಹಾಮೆರವಣಿಗೆಯ ಹಿರಿಯ ನಾಯಕನೂ ಈತನೇ. ಕಚೇರಿಯಲ್ಲಿ ನಮ್ಮ ಹೆಸರು ಉದ್ದವೆಂದು ‘ಸ್ಯಾಮ್’, ‘ನಿಕ್’ ಎಂದು ಕತ್ತರಿಸಿಕೊಡುವ ನಾವು ಈ ಪೋರ್ಟರುಗಳ ಕಥೆಯನ್ನು ಒಂದು ಸಲ ಓದಿಕೊಳ್ಳುವುದು ಒಳ್ಳೆಯದು.

ಇಪ್ಪತ್ತನೆಯ ಶತಮಾನದಲ್ಲಿ ಈ ಹೆಸರು ಅಜ್ಜಂದಿರ ಕಾಲದ್ದೆನಿಸಿ ಹಿಂದೆ ಸರಿಯಿತು. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದೀಚೆಗೆ ಹುಟ್ಟಿದವರ ಹೆಸರುಗಳ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಒಂದು ವರ್ಷದಲ್ಲಿ ಐದು ಮಕ್ಕಳಿಗಾದರೂ ಇಟ್ಟ ಹೆಸರು ಮಾತ್ರ ಅದರಲ್ಲಿ ಕಾಣುತ್ತದೆ. ಈ ಶತಮಾನದಲ್ಲಿ ಎಜ್ರಾ, ಲೀವೈ, ಎಲೈಜಾ ಮುಂತಾದ ಹಳೆಯ ಹೆಸರುಗಳ ಜೊತೆಗೆ ಇದೂ ಮತ್ತೆ ಚಿಗುರಿದೆ. ಆದರೆ ಅವು ಮುಂದೆ ಓಡಿದರೆ ಇದು ನಿಧಾನವಾಗಿ ನಡೆಯುತ್ತಿದೆ, ಮೊದಲ ನೂರರೊಳಗೆ ಬಂದಿಲ್ಲ. 1997ರಲ್ಲಿ ಹುಟ್ಟಿದ ಇಂಗ್ಲಿಷ್ ನಟ ಏಸ ಬಟರ್‌ಫೀಲ್ಡ್, 2015ರಿಂದ 2023ರವರೆಗೆ ಆರ್ಕನ್ಸಾ ರಾಜ್ಯದ ಗವರ್ನರಾಗಿದ್ದ ಏಸ ಹಚಿನ್ಸನ್ ಇವರಿಂದ ಕಿವಿಗೆ ಪರಿಚಯವಾಗಿದೆ. ಇಸ್ರೇಲಿನಲ್ಲಿ ಕೂಡ ವಿರಳವೇ. ಅಲ್ಲಿ ಪ್ರಸಿದ್ಧರಾದವರು 2000ದಲ್ಲಿ ಇಸ್ರೇಲ್ ಪ್ರಶಸ್ತಿ ಪಡೆದ ತತ್ತ್ವಶಾಸ್ತ್ರಜ್ಞ ಆಸಾ ಕಾಶೇರ್. ಅಂದರೆ ತರಗತಿಯಲ್ಲಿ ಎರಡನೆಯ ಆಸ ಸಿಗಲಾರ, ಆದರೆ ಹೆಸರು ಕೇಳಿ ಯಾರೂ ಹುಬ್ಬೇರಿಸುವುದೂ ಇಲ್ಲ. ಎರಡು ನಾಡಿನ ಮಗುವಿಗೆ ಇದು ಅನುಕೂಲವೇ.

ಅಜ್ಜಿಗೆ ನಾನು ಕೊಟ್ಟ ಅಭಿಪ್ರಾಯ ಇಷ್ಟು. ಹೆಸರಿಗೆ ದೋಷವಿಲ್ಲ. ದೂರು ಇರುವುದು ಒಂದು ಗ್ರಂಥದಲ್ಲಿ, ಅದಕ್ಕಿಂತ ಹಳೆಯ ಗ್ರಂಥದಲ್ಲಿ ಇಲ್ಲ. ವೈದ್ಯರಿಗೆ ಗೌ​ರವ ಕೊಡಬೇಕೆಂಬ ಮಾತು ಅದೇ ಪರಂಪರೆಯ ದೊಡ್ಡವರ ಬಾಯಲ್ಲೇ ಇದೆ. ಆದರೆ ಬೇಡವೆಂದ ಹಿರಿಯರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ, ಬೆನ್ ಸಿರಾ ಮತ್ತು ಮೈಮೊನೈಡೀಸರ ಮಾತನ್ನು ಅವರ ಮುಂದಿಟ್ಟು ಅವರ ಬಾಯಿಂದಲೇ ಹೆಸರು ಹೇಳಿಸಿ ಎಂದೆ. ಅವರು ಹೆದರಿದ್ದು ಗ್ರಂಥಕ್ಕಲ್ಲ, ಆ ಮಗುವಿಗಾಗಿ ತಾನೆ? ಆರು ವಾರ ಇವರ ಹಾಗೆಯೇ ಅವರೂ ನಿದ್ದೆಗೆಟ್ಟವರು. ಕನ್ನಡದಲ್ಲಿ ಬರೆಯುವಾಗ ‘ಆಸ’ ಎಂದು ಬರೆಯಿರಿ. ಶಾಲೆಯವರು ‘ಏಸ’ ಎಂದರೆ ತಿದ್ದುವ ಗೋಜು ಬೇಡ, ಅದೂ ಸರಿಯೇ.

ಯೆಹೂದ್ಯರ ತಾಲ್ಮೂದಿನಲ್ಲಿ, ಸನ್ಹೆದ್ರಿನ್ ಎಂಬ ಭಾಗದಲ್ಲಿ, ಅರಾಮಿಕ್ ಭಾಷೆಯ ಒಂದು ಗಾದೆಯಿದೆ. ಅದರ ತಾತ್ಪರ್ಯವೇನೆಂದರೆ, ಮರ್ಟಲ್ ಗಿಡ ಕಳೆಗಿಡಗಳ ನಡುವೆ ಬೆಳೆದಿದ್ದರೂ ಅದರ ಹೆಸರು ‘ಆಸಾ’ವೇ, ಜನ ಅದನ್ನು ಕರೆಯುವುದೂ ‘ಆಸಾ’ ಎಂದೇ. ಎಲ್ಲಿ ನಿಂತಿದ್ದರೂ ಯೆಹೂದಿ ಯೆಹೂದಿಯೇ ಎಂದು ಹೇಳಲು ಅವರು ಇದನ್ನು ಬಳಸುತ್ತಾರೆ. ಎರಡು ಸಾವಿರ ವರ್ಷ ಊರೂರು ಅಲೆದ ಜನರ ಗಾದೆ. ಸುತ್ತಲಿನವರನ್ನು ಕಳೆ ಎನ್ನುವುದು ನನಗೆ ಸಮ್ಮತವಲ್ಲ. ಆದರೆ ಉಳಿದರ್ಧ, ಹೆಸರು ಮತ್ತು ಕರೆಯುವ ಬಾಯಿ ಎರಡೂ ಇದ್ದರೆ ಗಿಡ ತಾನು ಯಾರೆಂಬುದನ್ನು ಮರೆಯುವುದಿಲ್ಲ ಎಂಬುದು, ಪರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೂ ಬೇಕಾದ ಮಾತು.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆ ಮಗುವಿನ ನಾಮಕರಣ ಮುಗಿದಿರುತ್ತದೆ. ಅಜ್ಜಿ ತಮ್ಮ ಕಡೆಯಿಂದ ತೊಟ್ಟಿಲ ಶಾಸ್ತ್ರವನ್ನೂ ಮಾಡುತ್ತಾರಂತೆ. ಕಿವಿಯಲ್ಲಿ ಯಾವ ಹೆಸರು ಹೇಳಿದರು ಎಂಬುದನ್ನು ಅವರೇ ನಿಮಗೆ ಯುಗಾದಿ ಕೂಟದಲ್ಲಿ ತಿಳಿಸಲಿ. ಮಗು ನೂರ್ಕಾಲ ಬಾಳಲಿ.